ಹೋಗಿದ್ದು ಏಳು, ಬಂದಿದ್ದು ಆರು

ಜಯಮಂಗಲಿ ಹೊಳೆಯಲ್ಲಿ ವರ್ಷಕ್ಕೆ ಎರಡು ತಿಂಗಳು ನೀರು ಹರಿಯುತ್ತದೆ, ಉಳಿದ ಹತ್ತು ತಿಂಗಳು ಮರಳು ಹರಿಯುತ್ತದೆ ಎಂದು ಕೊಡಿಗೇನಹಳ್ಳಿಯವರು ತಮ್ಮ ಹೊಳೆಯನ್ನು ತಾವೇ ಆಡಿಕೊಳ್ಳುತ್ತಾರೆ. ಬೇರೆ ಊರಿನವರು ಆಡಿಕೊಂಡರೆ ಮಾತ್ರ ಜಗಳಕ್ಕೆ ಬರುತ್ತಾರೆ. ಆ ಮರಳಿನ ಗುಣ ಗೊತ್ತಿದ್ದವರಿಗೆ ಗೊತ್ತು. ಮೊಣಕಾಲುದ್ದ ಕೆದಕಿದರೆ ಸಾಕು, ತಣ್ಣನೆಯ ನೀರು ಒಸರುತ್ತದೆ. ಆ ಒರತೆಗೆ ಈ ಕಡೆ ತಲಪರಿಗೆ ಎನ್ನುತ್ತಾರೆ. ಅದನ್ನು ನಂಬಿಕೊಂಡು, ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಹತ್ತು ಹನ್ನೆರಡು ಸಂಸಾರಗಳು ಗಾಡಿ ಕಟ್ಟಿಕೊಂಡು ಬಂದು, ಹೊಳೆಯ ನಡುಮಧ್ಯೆ ಗುಡಿಸಲು ಹಾಕಿ ಕರಬೂಜದ ಬಳ್ಳಿ ಹಬ್ಬಿಸುತ್ತಿದ್ದವು.

ಯುಗಾದಿ ಕಳೆದ ಮೇಲೆ ಹಣ್ಣಿನ ಘಮಲು ಹಿಡಿದು ಮಧುಗಿರಿಯಿಂದ ವಕೀಲರು, ಮೇಷ್ಟರು, ಕಚೇರಿಯವರು ಹಾಸಿಗೆ ಸುತ್ತಿಕೊಂಡು ಹೆಂಡಿರು ಮಕ್ಕಳ ಸಮೇತ ಬರುವರು. ಅವರಿಗೆಂದೇ ನಾಲ್ಕು ಗುಡಿಸಲು ಬೇರೆ ಇರುತ್ತಿದ್ದವು. ಬೆಳಗಿನ ಹೊತ್ತು ತಲಪರಿಗೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂರುವುದು, ಮಧ್ಯಾಹ್ನ ಹೊಂಗೆ ಸೊಪ್ಪಿನ ಚಪ್ಪರದಡಿ ನಿದ್ದೆ, ಸಂಜೆ ಹಣ್ಣು. ಸಮುದ್ರದ ದಂಡೆ ಎಂದರೂ ಇಷ್ಟೇ, ನೀರೊಂದು ಹೆಚ್ಚಿಗೆ ಇರುತ್ತದೆ ಎಂದು ಸಮುದ್ರ ಕಾಣದ ಒಬ್ಬ ಮೇಷ್ಟರು ಹೇಳಿದ್ದರು. ಎಲ್ಲರೂ ನಂಬಿದ್ದರು.

ಐವತ್ತೆಂಟನೇ ಇಸವಿಯಲ್ಲಿ ಮಾತ್ರ ಈ ಸುಖಕ್ಕೆ ಇಲಿ ಬಿತ್ತು. ಹಿಂದಿನ ಮಳೆಗಾಲ ಎರಡೂ ದಡದಲ್ಲಿ ಕಡಲೆಕಾಯಿ ಎಂದೂ ಕಾಣದಷ್ಟು ಬೆಳೆದಿತ್ತು. ರೈತರು ಕೊಬ್ಬಿದ್ದು ಒಂದು ಪಾಲಾದರೆ ಇಲಿಗಳು ಕೊಬ್ಬಿದ್ದು ಮೂರು ಪಾಲು. ಕಡಲೆಕಾಯಿ ಕಿತ್ತು ಹೊಲ ಬೋಳಾದ ಮೇಲೆ ಅವು ಹಿಂಡು ಹಿಂಡಾಗಿ ದಡ ಇಳಿದು ಹೊಳೆಗೆ ಬಂದವು. ಎಕ್ಕಡದ ಅಟ್ಟೆ ತಿಂದವು, ಸೋಪು ತಿಂದವು, ದೀಪದ ಬತ್ತಿಯನ್ನು ಎಣ್ಣೆ ಸಮೇತ ಎಳೆದುಕೊಂಡು ಹೋದವು. ಮರಳಿನ ಮೇಲಿನವರಿಗೆಲ್ಲ ಹಿರಿಯನಾದ ಗಂಗಯ್ಯನ ಹಿಮ್ಮಡಿಯ ಒಣಚರ್ಮವನ್ನು ಅವನು ಮಲಗಿದ್ದಾಗಲೇ ಕಡಿದು ನುಣುಪು ಮಾಡಿದವು. ಊರಿನಿಂದ ಒಂದು ಬೆಕ್ಕನ್ನು ಗೋಣಿಯಲ್ಲಿ ತಂದು ಬಿಟ್ಟರು. ಮೂರನೇ ದಿನ ಅದು ಯಾರಿಗೂ ಹೇಳದೆ ವಾಪಸು ಊರಿಗೆ ನಡೆಯಿತು. ಇಲಿಗೆ ಪ್ರಾಣಸಂಕಟ ಬೆಕ್ಕಿಗೆ ಚೆಲ್ಲಾಟ ಎಂದು ಗಾದೆ ಕಟ್ಟಿದವನು ಆ ವರ್ಷ ಹೊಳೆಗೆ ಬಂದಿರಲಿಲ್ಲ.

ಶಿರಾದಿಂದ ಎರಡು ದಿನ ಗಾಡಿ ಹೊಡೆದುಕೊಂಡು ಬರುತ್ತಿದ್ದವನು ಅಹಮದ್ ಷರೀಫ್. ಜೊತೆಗೆ ಹೆಂಡತಿ ಅಮೀರ್ ಬಿ, ತಾಯಿ ಖಾಜಾಬಿ. ಖಾಜಾಬಿಗೆ ಒಂದು ಕಣ್ಣಿನ ತುಂಬ ಹೊಗೆ ಕವಿದಂತಿತ್ತು, ಇನ್ನೊಂದರಲ್ಲಿ ಬೆಳಕು ಮಾತ್ರ ಕಾಣುತ್ತಿತ್ತು. ಆದರೂ ಹೊಳೆಗೆ ಬರುವುದನ್ನು ಬಿಟ್ಟಿರಲಿಲ್ಲ. ಅಹಮದ್ ಷರೀಫ್ ಮಾತು ಕಡಿಮೆಯ ಮನುಷ್ಯ. ಎತ್ತಿನ ಜೊತೆ ಆಡಿದಷ್ಟು ಮಾತನ್ನು ಹೆಂಡತಿಯ ಜೊತೆ ಆಡಿದ್ದಾನೋ ಇಲ್ಲವೋ ಎಂದು ಗಂಗಯ್ಯ ನಗೆಯಾಡುತ್ತಿದ್ದ. ಇನ್ನೊಂದು ಮಾತನ್ನೂ ಅವನೇ ಹೇಳುತ್ತಿದ್ದ: ಆಡಿದ ಅಷ್ಟರಲ್ಲಿ ಒಂದು ಸುಳ್ಳು ತೋರಿಸಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ.

ಈಗ ಬೀಜದ ವಿಷಯ ಹೇಳಬೇಕು. ಮರಳು ಚಳಿಗಾಲದಲ್ಲಿ ತಣ್ಣಗಿರುತ್ತದೆ, ಬೀಜವನ್ನು ಹಾಗೇ ಹಾಕಿದರೆ ಕೊಳೆಯುತ್ತದೆ. ಅದಕ್ಕೆ ಮೊದಲು ಮೊಳಕೆ ಬರಿಸಿಕೊಳ್ಳಬೇಕು. ಮೊಳಕೆ ಬರಬೇಕಾದರೆ ಕಾವು ಬೇಕು. ಹೊಳೆಯವರ ಪದ್ಧತಿಯಲ್ಲಿ ಆ ಕಾವು ಕೊಡುವುದು ಹೆಂಗಸಿನ ಮೈ. ಒಂದು ರಾತ್ರಿ ಹಾಲು ಬೆಲ್ಲ ಬೆರೆಸಿದ ನೀರಿನಲ್ಲಿ ನೆನೆಸಿದ ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮನೆಯ ಹೆಂಗಸು ಅದನ್ನು ಹೊಟ್ಟೆಗೆ ತಾಗುವಂತೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಾಳೆ. ಎರಡು ದಿನ ಅವಳು ಕೊಡ ಎತ್ತುವಂತಿಲ್ಲ, ಜಗಳ ಆಡುವಂತಿಲ್ಲ, ಬಿಸಿಲೇರಿದ ಮೇಲೆ ಮಲಗಲೇಬೇಕು. ಗಂಡಸರೇ ಅಡುಗೆ ಮಾಡಿ ಬಡಿಸುತ್ತಾರೆ. ಸಂಕ್ರಾಂತಿ ಆದ ಮೇಲೆ ಆ ಎರಡು ದಿನ ಹೊಳೆಯ ಎಲ್ಲ ಗುಡಿಸಲುಗಳಲ್ಲೂ ಹೆಂಗಸರು ನಿದ್ದೆಗಣ್ಣಲ್ಲಿ ಇರುತ್ತಿದ್ದರು. ಮಾತುಗಳೆಲ್ಲ ಮೆಲ್ಲಗಾಗಿ, ಹಗಲೆಂಬುದು ಎಲ್ಲೋ ದೂರದಲ್ಲಿ ನಡೆಯುತ್ತಿರುವಂತೆ ಅನ್ನಿಸುತ್ತಿತ್ತು. ರಥಸಪ್ತಮಿಯೊಳಗೆ ಬೀಜ ಮಣ್ಣು ಕಾಣಬೇಕು. ಕಾಣದವರ ಪಾಲಿನ ಮರಳಿನ ಪಟ್ಟಿ ಮುಂದಿನ ವರ್ಷ ಬೇರೆಯವರಿಗೆ ಹೋಗುತ್ತದೆ.

"ಈ ವರ್ಸ ಬೆಲ್ಲ ಬ್ಯಾಡ್ರಮ್ಮೋ," ಎಂದು ಗಂಗಯ್ಯ ಗುಡಿಸಲು ಗುಡಿಸಲಿಗೂ ಹೋಗಿ ಹೇಳಿದ. "ಬರೀ ನೀರಾಗೆ ನೆನೆಹಾಕ್ರಿ. ಬೆಲ್ಲದ ವಾಸ್ನೆಗೆ ಇಲಿಗಳು ಮೆರವಣಿಗೆ ಬತ್ತವೆ."

ಖಾಜಾಬಿ ಒಪ್ಪಲಿಲ್ಲ. "ಸಿಹಿ ಇಲ್ದೆ ಬೀಜ ಕಣ್ಣು ಬಿಡ್ತದಾ ಗಂಗಣ್ಣ? ಹುಟ್ಟಿದ ಮಗೀಗೆ ಮೊದ್ಲು ತುಟಿಗೆ ಸಿಹಿ ಮುಟ್ಟಿಸ್ತೀವಿ. ಬೀಜಕ್ಕೂ ಅಂಗೇಯ."

ಹಾಗೆಂದವಳು ಸೊಸೆ ಹತ್ತಿರವೇ ಕೂತಿದ್ದಾಳೆ ಎಂಬುದು ನೆನಪಾಗಿ ಮುಖವನ್ನು ಆ ಕಡೆ ತಿರುಗಿಸಿಕೊಂಡಳು.

ಅಮೀರ್ ಬಿ ಒಳಗೆ ಹೋಗಿ ಟ್ರಂಕಿನ ತಳದಿಂದ ಒಂದು ಹಸಿರು ಕುಲಾವಿ ತೆಗೆದಳು. ಹನ್ನೊಂದು ವರ್ಷದ ಹಿಂದೆ ತನ್ನ ಮದುವೆಯ ಕುಪ್ಪಸ ಹೊಲಿದು ಮಿಕ್ಕ ಸಾಟಿನ್ ಬಟ್ಟೆಯಲ್ಲಿ ಅವಳೇ ಹೊಲಿದದ್ದು. ಅಂಚಿಗೆ ಕೆಂಪು ದಾರ, ಗಲ್ಲದ ಕೆಳಗೆ ಕಟ್ಟಲು ಎರಡು ಲಾಡಿ. ಶಿರಾದ ಮನೆಯಲ್ಲಿ ದಿನ ತುಂಬಿ ಹುಟ್ಟಿದ ಮಗು ಅಳಲಿಲ್ಲ. ಸೂಲಗಿತ್ತಿ ತಲೆಕೆಳಗು ಹಿಡಿದು ಬೆನ್ನು ತಟ್ಟಿದಳು, ಆದರೂ ಅಳಲಿಲ್ಲ. ಸಂಜೆಗೆ ಮುಂಚೆಯೇ ಗಂಡಸರು ಎತ್ತಿಕೊಂಡು ಹೋದರು. ಕುಲಾವಿಯನ್ನು ಹಾಕುವ ಹೊತ್ತೇ ಬರಲಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಗಂಡನೂ ಎತ್ತಲಿಲ್ಲ. ಎತ್ತಿದರೆ ಅವಳಿಗೆ ನೋವಾದೀತೆಂದು ಅವರು ಸುಮ್ಮನಿದ್ದರು. ಎತ್ತದೆ ಇರುವುದೇ ಅವಳಿಗೆ ನೋವಾಗಿತ್ತು. ಇದನ್ನು ಅವಳು ಯಾರಿಗೆ ಹೇಳಬೇಕು?

ಮುಂದಿನ ಚಳಿಗಾಲ ಹೊಳೆಗೆ ಬಂದಾಗ ಅವಳು ಬೀಜ ಕಟ್ಟಲು ಆ ಕುಲಾವಿಯನ್ನೇ ತೆಗೆದಳು. ಆಗ ಖಾಜಾಬಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಕಂಡಳು, ಸುಮ್ಮನಾದಳು. ಅಂದಿನಿಂದ ವರ್ಷಕ್ಕೆ ಎರಡು ದಿನ ಆ ಕುಲಾವಿ ಅಮೀರ್ ಬಿಯ ಹೊಟ್ಟೆಗೆ ಒರಗಿಕೊಂಡಿರುತ್ತಿತ್ತು. ಮೊದಲ ದಿನ ಒದ್ದೆ, ತಣ್ಣಗೆ. ಎರಡನೆಯ ದಿನ ಬೀಜ ಉಬ್ಬಿ ಗಂಟು ತುಂಬಿಕೊಳ್ಳುವುದು. ಒಳಗೇನೋ ಮಿಸುಕಿದಂತೆ ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸಲಿ ಎಂದೇ ಅವಳು ಕಣ್ಣು ಮುಚ್ಚಿಕೊಂಡು ಮಲಗುತ್ತಿದ್ದಳು.

ಆ ವರ್ಷದ ಎರಡನೆಯ ದಿನ ಹೊಂಗೆ ಚಪ್ಪರದ ಅಡಿಯಲ್ಲಿ ಅವಳಿಗೆ ಗಾಢ ನಿದ್ದೆ ಬಂದಿತ್ತು. ಸುತ್ತ ಬಿಳಿಯ ಬಿಸಿಲು, ದೂರದಲ್ಲಿ ಮಧುಗಿರಿ ಬೆಟ್ಟ ಬಿಸಿಲಿಗೆ ಅಲುಗಿದಂತೆ ಕಾಣುತ್ತಿತ್ತು. ಕನಸಿನಲ್ಲಿ ಒಂದು ಪುಟ್ಟ ಕೈ ಅವಳ ಸೊಂಟದ ಗಂಟನ್ನು ಬಿಚ್ಚುತ್ತಿತ್ತು. ಬಿಚ್ಚಿಕೊಳ್ಳಲಿ ಎಂದು ಅವಳು ಅಲುಗಾಡದೆ ಮಲಗಿದ್ದಳು. ಎಚ್ಚರವಾದಾಗ ಹೊಟ್ಟೆಯ ಮೇಲೆ ಗಾಳಿ ತಣ್ಣಗೆ ತಾಗಿತು. ದಾರ ಕಡಿದಿತ್ತು, ಗಂಟು ಇರಲಿಲ್ಲ. ಮರಳಿನ ಮೇಲೆ ಏನನ್ನೋ ಎಳೆದುಕೊಂಡು ಹೋದ ಗೀರು, ಆಚೀಚೆ ಚಿಕ್ಕ ಚಿಕ್ಕ ಹೆಜ್ಜೆ.

ಹಾಡುಹಗಲೇ ಇಲಿ ಹೆಂಗಸಿನ ಸೊಂಟದಿಂದ ಬೀಜ ಕದ್ದಿತೆಂದರೆ ಕೇಳಿದವರು ಮೂಗಿನ ಮೇಲೆ ಬೆರಳಿಟ್ಟರು. ಅಮೀರ್ ಬಿ ಅಂಗೈಯಲ್ಲಿ ಮರಳು ಕೆದಕುತ್ತ ಅಳುತ್ತಿದ್ದಳು.

"ಅಳಬ್ಯಾಡ ಕಣಮ್ಮ," ಎಂದ ಗಂಗಯ್ಯ. "ನನ್ ಬೀಜದಾಗೆ ಒಂದು ಹಿಡಿ ಕೊಡ್ತೀನಿ. ಪಟ್ಟಿ ಏನೂ ಓಗಾಕಿಲ್ಲ. ಬೆಲ್ಲ ಬ್ಯಾಡ ಅಂದ್ರೆ ಕೇಳ್ಳಿಲ್ಲ ನೀವು. ಇಂಗಾದ್ರೆ ಯುಗಾದಿಗೆ ಬರೋ ಜನ ಒಂದ್ ರಾತ್ರಿ ನಿಲ್ತಾರಾ? ನಾಳಿದ್ದು ಬೆಳಿಗ್ಗೆ ಎಲ್ಲಾ ಬಿಲಕ್ಕೂ ಮೆಣಸಿನಕಾಯಿ ಹೊಗೆ ಹಾಕ್ಬುಡಾನ. ಒಂದ್ ಗುಡ್ಲೂ ಬುಡೋ ಅಂಗಿಲ್ಲ. ಒಂದು ಬುಟ್ರೆ ಎಲ್ಲಾ ಅಲ್ಲಿಗೇ ಸೇರ್ಕೊತವೆ."

ಅಮೀರ್ ಬಿ ತಲೆಯೆತ್ತಿ ಅವನನ್ನು ನೋಡಿದಳು. ಬೀಜವನ್ನು ಯಾರು ಬೇಕಾದರೂ ಕೊಡುತ್ತಾರೆ. ಹೊಗೆ ಹಾಕಿ ಬಿಲದ ಬಾಯಿ ಮೆತ್ತಿಬಿಟ್ಟರೆ ಕುಲಾವಿ ನೆಲದೊಳಗೇ ಉಳಿಯುತ್ತದೆ. ಒಂದು ಸಲ ಮಣ್ಣಿಗೆ ಕೊಟ್ಟದ್ದು ಸಾಲದೇ?

ಗುಡಿಸಲಿನ ಒಳಗಿಂದ ಖಾಜಾಬಿ ಮಗನನ್ನು ಕೂಗಿದಳು. "ಅಹಮದ್, ಆ ದಡದ ಹೊಲದಾಗೆ ಪಾಲಪ್ಪ ಇಲಿಬಿಲ ಅಗೀತಾವ್ನಂತೆ. ಓಗಿ ಕರ್ಕೊಂಬಾ. ಬೀಜ ಸಿಗ್ಲಿ ಬುಡ್ಲಿ, ಬಟ್ಟೆ ಸಿಗ್ಬೇಕು ಅನ್ನು."

ಅಹಮದ್ ಷರೀಫ್ ಯಾವ ಬಟ್ಟೆ ಎಂದು ಕೇಳಲಿಲ್ಲ. ತಲೆಗೆ ಟವಲು ಸುತ್ತಿಕೊಂಡು ಹೊರಟ. ಹಾಗಾದರೆ ಇವನಿಗೂ ಗೊತ್ತಿದೆ ಎಂದು ಅಮೀರ್ ಬಿಗೆ ಅಂದು ಮೊದಲ ಸಲ ಅನ್ನಿಸಿತು.

ಪಾಲಪ್ಪ ಪಾವಗಡದ ಕಡೆಯವನು. ಅರ್ಧ ತೆಲುಗು, ಅರ್ಧ ಕನ್ನಡ. ಕಡಲೆಕಾಯಿ ಕಿತ್ತ ಮೇಲೆ ಹೊಲ ಹೊಲ ತಿರುಗಿ ಇಲಿಬಿಲ ಅಗೆದು, ಅವು ಕೂಡಿಟ್ಟ ಕಾಯಿ ತೆಗೆದುಕೊಳ್ಳುವುದು ಅವನ ಕಸುಬು. ಹೊಲದವರು ಬೇಡವೆನ್ನುವುದಿಲ್ಲ; ಬಿಲದೊಳಗಿನದು ಅಗೆದವನದು ಎಂಬುದು ರೂಢಿ. ಬೆಟ್ಟ ಅಗೆದು ಇಲಿ ಹಿಡಿದ ಎಂದು ಜನ ನಗುತ್ತಾರೆ. ಪಾಲಪ್ಪ ಇಲಿಬಿಲ ಅಗೆದೇ ಒಂದು ಸಂಸಾರ ಸಾಕಿದ್ದ.

ಮಾರನೆಯ ದಿನ ಬಂದವನು ಗುದ್ದಲಿಯನ್ನು ಕೆಳಗಿಟ್ಟು, ಮೊದಲು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಹೊಳೆಯ ನಡುವಿನ ಮಣ್ಣುದಿಬ್ಬದ ಕಡೆ ನಡೆದ, ಅಮೀರ್ ಬಿ ಹಿಂದೆಯೇ ಹೋದಳು. ಗುಡಿಸಲಿನಿಂದ ಐವತ್ತು ಹೆಜ್ಜೆ. ದಿಬ್ಬದ ಮೇಲೆ ಒಂದು ಲಕ್ಕಿ ಗಿಡವಿತ್ತು, ಅದರ ಬುಡದ ಕಡ್ಡಿಗೆ ಒಂದು ಹಸಿರು ಎಳೆ ಸಿಕ್ಕಿಕೊಂಡಿತ್ತು.

"ಚೂಡಮ್ಮ, ನೋಡು," ಎಂದ, "ನಿಮ್ಮನೆ ದಾರ."

ಅವನು ಅಗೆಯುವುದು ನೋಡಲು ಚೆಂದ. ಮನೆಯೊಂದರ ಬಾಗಿಲು ತೆಗೆದು ಒಳಗೆ ಬಂದವನ ಹಾಗೆ, ಕೈಯಿಂದ ತಡವಿ, ಒಂದು ಹೆಂಟೆ ತೆಗೆದು, ಮತ್ತೆ ತಡವುತ್ತಿದ್ದ. ಇದು ಓಣಿ, ಇದು ಕಣಜ, ಇದು ಹಾವು ಬಂದರೆ ಓಡುವ ಹಿತ್ತಿಲ ಬಾಗಿಲು ಎಂದು ಅವಳಿಗೆ ತೋರಿಸಿದ. ಕಣಜದ ತುಂಬ ಕಡಲೆಕಾಯಿ, ಒಂದೊಂದೂ ಜೋಡಿಸಿಟ್ಟಂತೆ. ಅದರ ಪಕ್ಕದ ಗೂಡಿನಲ್ಲಿ ಕರಬೂಜದ ಬೀಜ.

ಪಾಲಪ್ಪ ಒಂದನ್ನು ಉಗುರ ಮೇಲಿಟ್ಟು ಬೆಳಕಿಗೆ ಹಿಡಿದ. "ಮೊಳ್ಕೆ ಕಚ್ಚಿ ತೆಗ್ದಿಟ್ಟೈತೆ ನೋಡಮ್ಮ. ಮೊಳ್ತ್ರೆ ಕಣಜ ಕೆಡ್ತೈತಲ್ಲ, ಅದ್ಕೆ. ಶಾನೆ ಬುದ್ಧಿ ಇದಕ್ಕೆ. ಇವು ಇನ್ ಉಟ್ಟಾಕಿಲ್ಲ."

"ಬೀಜ ಓಗ್ಲಣ್ಣ. ಬಟ್ಟೆ?"

ಅವನು ಇನ್ನೂ ಮೊಳದುದ್ದ ಒಳಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಮೆಲ್ಲಗೆ ಹೊರಗೆ ತೆಗೆದು ಮಣ್ಣು ಒರೆಸಿಕೊಂಡ.

"ವದ್ದಮ್ಮ, ಬ್ಯಾಡ. ಇದು ತಲ್ಲಿ ಕೋಣೆ. ತಾಯಿ ಮಲ್ಗೋ ಜಾಗ. ಒಳಗೆ ಪಿಳ್ಳೆಗಳವೆ. ಎಲ್ಲಾ ಅಗೀತೀನಿ, ಈ ಕೋಣೆಗೆ ಕೈ ಆಕಾಕಿಲ್ಲ. ನಮ್ಮಪ್ಪನ ಕಾಲದಿಂದ್ಲೂ ಅಂಗೇಯ. ಕಣಜದಾಗೂ ಒಂದು ಬೊಗಸೆ ಬುಟ್ಟೇ ಓಯ್ತೀವಿ."

"ಬಟ್ಟೆ ಅಲ್ಲೈತಾ?"

"ಐತೆ. ಆಸ್ಕೊಂಡವೆ."

ಅಮೀರ್ ಬಿ ಬಿಲದ ಮುಂದೆ ಬೋರಲಾಗಿ ಮಲಗಿ ತೋಳಿನವರೆಗೆ ಕೈ ತೂರಿಸಿದಳು. ಪಾಲಪ್ಪ ಮುಖ ಆ ಕಡೆ ತಿರುಗಿಸಿದ. ಬೆರಳಿಗೆ ಸಾಟಿನ್ ತಾಗಿತು. ಅದರ ಮೇಲೆ ಏನೋ ಮೆತ್ತಗೆ, ಬೆಚ್ಚಗೆ, ಒಂದರ ಮೇಲೊಂದು ಉಸಿರಾಡುತ್ತಿತ್ತು. ಅವಳು ಎಳೆದಳು. ಕುಲಾವಿಯ ಜೊತೆ ಅವೂ ಬೆಳಕಿಗೆ ಬಂದವು. ಕಣ್ಣು ಬಿಡದ, ಕೂದಲು ಮೂಡದ ಏಳು ಗುಲಾಬಿ ಮರಿಗಳು. ಕುಲಾವಿಯೊಳಗೆ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಅವಳು ಕುಲಾವಿಯನ್ನು ಓರೆ ಮಾಡಿದಳು. ಏಳೂ ಬಿಲದ ಬಾಯಿಯೊಳಗೆ ಜಾರಿ ಬಿದ್ದವು. ಒಂದು ಸಣ್ಣಗೆ ಕೀಚ್ ಅಂದಿತು. ಕುಲಾವಿಯ ಮಡಿಕೆಯಲ್ಲಿ ಹಲ್ಲು ತಾಗದ ಒಂದಿಪ್ಪತ್ತು ಬೀಜ ಉಳಿದಿದ್ದವು, ಬಿಳಿಯ ಮೊಳಕೆ ಬಿಟ್ಟುಕೊಂಡು.

"ನಿಂದು ನೀನ್ ತಗೊಂಡೆ," ಎಂದ ಪಾಲಪ್ಪ. ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಒಂದು ಬೊಗಸೆ ಕಡಲೆಕಾಯಿಯನ್ನು ಬಿಲಕ್ಕೆ ವಾಪಸು ಸುರಿದು ಹೊರಟುಹೋದ.

ಸಂಜೆ ಅವಳು ಆ ಇಪ್ಪತ್ತು ಬೀಜವನ್ನೂ ಗಂಗಯ್ಯ ಕೊಟ್ಟ ಬೀಜವನ್ನೂ ಊರಿದಳು. ಕುಲಾವಿಯನ್ನು ಒಗೆಯಬೇಕೆಂದು ತಲಪರಿಗೆಯ ಹತ್ತಿರ ಹೋದವಳು ನೀರಿಗೆ ಅದ್ದುವ ಮುಂಚೆ ಮೂಗಿನ ಹತ್ತಿರ ಹಿಡಿದಳು. ಹನ್ನೊಂದು ವರ್ಷ ಅದಕ್ಕೆ ಟ್ರಂಕಿನ ವಾಸನೆ ಇತ್ತು, ಇಲ್ಲವೇ ಬೆಲ್ಲದ ವಾಸನೆ. ಈಗ ಹಾಲಿನ ವಾಸನೆ ಇತ್ತು. ಎಳೆಯ ಮೈಯ ವಾಸನೆ. ಕುಲಾವಿಯೊಂದಕ್ಕೆ ಯಾವ ವಾಸನೆ ಇರಬೇಕೋ ಅದೇ. ಅವಳಿಗೆ ಒಗೆಯಲು ಆಗಲಿಲ್ಲ. ಅಲ್ಲೇ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ತನ್ನ ಮಗುವಿಗೆಂದು ಹೊಲಿದ ಕುಲಾವಿಯಲ್ಲಿ ಯಾರೋ ಮಲಗಿದ್ದರು, ಅವರನ್ನು ತಾನೇ ಕೊಡವಿ ಬಂದೆ ಎಂಬ ಒಂದೇ ಮಾತು ಮನಸ್ಸಿನಲ್ಲಿ ಸುತ್ತುತ್ತಿತ್ತು. ಇಲಿಮರಿ ಕಣೇ ಅವು, ಇಲಿಮರಿ ಎಂದು ತನಗೆ ತಾನೇ ಬೈದುಕೊಂಡಳು. ಬೈಗುಳದಿಂದ ಏನೂ ಪ್ರಯೋಜನವಾಗಲಿಲ್ಲ.

ಬೆಳಕು ಹರಿಯುವ ಮುಂಚೆಯೇ ಎದ್ದಳು. ಹೊಳೆಯ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿತ್ತು. ಗುಡಿಸಲುಗಳು ಅದರ ಮೇಲೆ ತೇಲುತ್ತಿದ್ದವು. ಕುಲಾವಿಯನ್ನು ಮಡಿಲಲ್ಲಿಟ್ಟುಕೊಂಡು ದಿಬ್ಬಕ್ಕೆ ಹೋಗಿ ಬಿಲದೊಳಗೆ ಕೈ ಹಾಕಿದಳು. ತಾಯಿಕೋಣೆ ತಣ್ಣಗಿತ್ತು, ಖಾಲಿಯಾಗಿತ್ತು. ಚಳಿಗೆ ಸತ್ತವೇ, ಹಾವು ತಿಂದಿತೇ? ಕೊಡಲು ಬಂದಿದ್ದೇನೆ, ತೆಗೆದುಕೊಳ್ಳುವವರಿಲ್ಲ.

ಮಂಜು ಸ್ವಲ್ಪ ಹರಿದಾಗ ಅವಳಿಗೆ ಮರಳು ಕಂಡಿತು. ಇಬ್ಬನಿ ಬಿದ್ದ ಮರಳಿನ ಮೇಲೆ ಹೆಜ್ಜೆಗಳ ಸಾಲು. ಬಿಲದಿಂದ ಹೊರಟು ಒಂದು ಸಾಲು, ಅದರ ಪಕ್ಕದಲ್ಲಿ ವಾಪಸು ಬಂದ ಸಾಲು, ಮತ್ತೆ ಹೋದದ್ದು, ಮತ್ತೆ ಬಂದದ್ದು. ಹೋದ ಹೆಜ್ಜೆ ಆಳವಾಗಿದ್ದವು, ಬಂದ ಹೆಜ್ಜೆ ಹಗುರ. ಬಾಯಲ್ಲಿ ಭಾರ ಹಿಡಿದು ಹೋಗಿದೆ, ಬರಿಬಾಯಲ್ಲಿ ಬಂದಿದೆ. ಅವಳು ಬಗ್ಗಿ ಒಂದೊಂದೇ ಸಾಲು ಎಣಿಸಿದಳು. ಹೋಗಿದ್ದು ಏಳು. ಬಂದಿದ್ದು ಆರು.

ಇನ್ನೊಂದು ಸಲ ಎಣಿಸಿದಳು. ಏಳು, ಆರು. ಕೊನೆಯದನ್ನು ಮುಟ್ಟಿಸಿದ ಮೇಲೆ ತಾಯಿ ಅಲ್ಲೇ ಉಳಿದಿತ್ತು. ಒಂದೂ ಸತ್ತಿರಲಿಲ್ಲ. ಅಮೀರ್ ಬಿ ಗಟ್ಟಿಯಾಗಿ ನಕ್ಕಳು, ತನ್ನ ನಗು ಕೇಳಿ ತಾನೇ ಬೆಚ್ಚಿದಳು.

ಸಾಲು ಹಿಡಿದು ನಡೆದಳು. ಅದು ತಲಪರಿಗೆಯನ್ನು ಬಳಸಿ, ಗಾಡಿಯ ನೊಗದ ಅಡಿಯಲ್ಲಿ ಹಾದು, ಸೀದಾ ಅವಳದೇ ಗುಡಿಸಲಿಗೆ ಬಂತು. ಹಿಂಬದಿಯ ತಡಿಕೆಯ ಕೆಳಗೆ ನುಸುಳಿ, ಸಗಣಿ ಸಾರಿಸಿದ ಮಣ್ಣಿನ ನೆಲದಲ್ಲಿ, ರಾಗಿ ಮಡಕೆಯ ಹಿಂದೆ ಹೊಸ ಬಿಲವೊಂದರಲ್ಲಿ ಮುಗಿದಿತ್ತು. ಇಡೀ ಹೊಳೆಯಲ್ಲಿ ಅದಕ್ಕೆ ಬೇರೆ ಜಾಗ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಹೊರಗೆ ಕೆಮ್ಮು ಕೇಳಿಸಿತು. ಅಂದು ಹೊಗೆಯ ದಿನ. ಗಂಗಯ್ಯ ತಳ ತೂತು ಮಾಡಿದ ಮಡಕೆಯಲ್ಲಿ ಕೆಂಡ, ಹುಲ್ಲು, ಒಣಮೆಣಸಿನಕಾಯಿ ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದೇ ಗುಡಿಸಲು ಮುಗಿಸಿ ಬರುತ್ತಿದ್ದ. ಹಿಂದೆ ನಾಲ್ಕು ಜನ ದೊಣ್ಣೆ ಹಿಡಿದಿದ್ದರು. ಅವರು ಹೊಡೆದ ಇಲಿಗಳು ದಾರಿಯುದ್ದಕ್ಕೂ ಬಿದ್ದಿದ್ದವು. ಅವುಗಳಲ್ಲೂ ತಾಯಂದಿರು ಇದ್ದಿರಬೇಕು, ಅದು ಅಮೀರ್ ಬಿಗೂ ಗೊತ್ತು. ಹಣ್ಣು ಉಳಿಯಬೇಕು, ಜನ ಬರಬೇಕು, ಅವಳೂ ಉಣ್ಣಬೇಕು. ಆ ಏಳನ್ನು ಮಾತ್ರ ಅವಳು ಕೈಯಲ್ಲಿ ಮುಟ್ಟಿದ್ದಳು.

"ಎಲ್ಲೈತಮ್ಮ ನಿಮ್ಮ ಬಿಲ?" ಎಂದ ಗಂಗಯ್ಯ ಬಾಗಿಲಲ್ಲಿ ನಿಂತು.

ಅಮೀರ್ ಬಿ ರಾಗಿ ಮಡಕೆಯ ಪಕ್ಕ ಕಂಬದಂತೆ ನಿಂತಿದ್ದಳು. ಮೂಲೆಯಲ್ಲಿ ಕೂತಿದ್ದ ಖಾಜಾಬಿ ತಸ್ಬಿಯ ಜಪಮಣಿ ಎಣಿಸುವುದನ್ನು ನಿಲ್ಲಿಸಿದಳು. ಎತ್ತಿಗೆ ಹುಲ್ಲು ಹಾಕುತ್ತಿದ್ದ ಅಹಮದ್ ಷರೀಫ್ ಒಳಗೆ ಬಂದ. ಹೆಂಡತಿಯ ಮುಖ ನೋಡಿದ, ಅವಳ ಮಡಿಲಿನಿಂದ ಇಣುಕುತ್ತಿದ್ದ ಹಸಿರು ಲಾಡಿ ನೋಡಿದ, ಮಡಕೆಯ ಹಿಂದೆ ಹರಡಿದ್ದ ಹೊಸ ಮಣ್ಣು ನೋಡಿದ. ನೋಡಿ, ಆ ಮಣ್ಣಿನ ಮೇಲೆ ಕಾಲಿಟ್ಟು ನಿಂತುಕೊಂಡ.

"ನಮ್ ಗುಡ್ಲಾಗೆ ಬಿಲ ಇಲ್ಲ ಗಂಗಣ್ಣ," ಎಂದ.

"ಸರ್ಯಾಗಿ ನೋಡಿದ್ಯಾ?"

"ನೋಡೀನಿ. ಇಲ್ಲ."

ಅಹಮದ್ ಷರೀಫನ ಮಾತೆಂದರೆ ಮುಗಿಯಿತು, ತಿರುಗಿ ನೋಡುವ ಪ್ರಶ್ನೆಯೇ ಇಲ್ಲ. ಗಂಗಯ್ಯ ಮಡಕೆ ಎತ್ತಿಕೊಂಡು ಮುಂದಿನ ಗುಡಿಸಲಿಗೆ ನಡೆದ. ಪಾಪ, ಅವನ ಮೀಸೆ ಅಂದು ಹೋಗಬೇಕಾಗಿತ್ತು. ಅದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನು ಹೊರಗೆ ಹೋಗಿ ಎತ್ತಿನ ಮೈ ತಿಕ್ಕತೊಡಗಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕಿದ. ಅವಳು ಕುಲಾವಿಯನ್ನು ಬಿಲದ ಬಾಯಲ್ಲಿಟ್ಟು ಎರಡು ಬೆರಳಿನಿಂದ ಒಳಕ್ಕೆ ನೂಕಿದಳು. ಅರ್ಧ ಒಳಗೆ, ಅರ್ಧ ಹೊರಗೆ ಇತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಲಾಡಿಗಳು ಮಾತ್ರ ಕಾಣುತ್ತಿದ್ದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವೂ ಇರಲಿಲ್ಲ.

ಆ ಬೇಸಿಗೆ ಹಣ್ಣು ಚೆನ್ನಾಗಿ ಬಂತು. ಇಲಿ ಪೂರ್ತಿ ಹೋಗಲಿಲ್ಲ, ಪೂರ್ತಿ ಹೋಗುವ ಜಾತಿಯೂ ಅಲ್ಲ. ಮಲಗಿದವರ ಹಿಮ್ಮಡಿಯನ್ನಂತೂ ಬಿಟ್ಟವು. ರಾಗಿ ಮಡಕೆಯ ಹಿಂದಿನ ಸಂಸಾರ ತಿಂಗಳೊಳಗೆ ಎಲ್ಲಿಗೋ ಎದ್ದುಹೋಯಿತು. ಯುಗಾದಿ ಕಳೆದು ಎಂಟನೇ ದಿನ ಮಧುಗಿರಿಯ ಜನ ಬಂದರು. ಅವರಲ್ಲಿ ವಕೀಲರ ಹೆಂಡತಿ ಸರೋಜಮ್ಮ ಪ್ರತಿವರ್ಷ ಬರುವವರು, ಒಳ್ಳೆಯ ಹೆಂಗಸು, ಮರೆವು ಜಾಸ್ತಿ. ಪ್ರತಿವರ್ಷ ಸಂಜೆ ಅಮೀರ್ ಬಿಯ ಚಪ್ಪರದಡಿ ಕೂತು ಮೊದಲ ಹೋಳು ಬಾಯಿಗಿಟ್ಟುಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು. ಪ್ರತಿವರ್ಷ ಅಮೀರ್ ಬಿ "ಇಲ್ಲ ಕಣಮ್ಮಾವ್ರೇ" ಎನ್ನುವಳು. ಅವರು "ದೇವರು ಕೊಡ್ತಾನೆ ಬಿಡಮ್ಮ" ಎಂದು ಇನ್ನೊಂದು ಹೋಳು ತೆಗೆದುಕೊಳ್ಳುವರು.

ಈ ಸಲವೂ ಕೇಳಿದರು. "ಮಕ್ಕಳೆಷ್ಟಮ್ಮ ನಿನಗೆ?"

ಬಿಸಿಲು ಇಳಿದಿತ್ತು. ಮರಳು ಕೆಂಪಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅಮೀರ್ ಬಿ ಹಣ್ಣು ಹೆಚ್ಚುತ್ತಿದ್ದ ಚಾಕುವನ್ನು ಕೆಳಗಿಟ್ಟಳು.

"ಒಂದು ಕಣಮ್ಮಾವ್ರೇ," ಎಂದಳು. "ಎಣ್ಣು. ಉಟ್ತು, ಅಳ್ಲಿಲ್ಲ. ಅಂಗೇ ಒಂಟೋಯ್ತು. ಅದಕ್ಕೆ ಅಂತ ಒಂದು ಕುಲಾವಿ ಒಲ್ದಿದ್ದೆ, ಅಸ್ರುದು."

ಸರೋಜಮ್ಮನ ಕೈಯಲ್ಲಿದ್ದ ಹೋಳು ಹಾಗೇ ನಿಂತಿತು. ಎಷ್ಟು ವರ್ಷ ಕೇಳಿದ್ದೆನಲ್ಲ ಎಂಬುದು ಅವರಿಗೆ ಆಗ ನೆನಪಾಗಿರಬೇಕು. ಹೋಳನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದರು. "ಅದನ್ನ ಇನ್ನೂ ಇಟ್ಕೊಂಡಿದೀಯೇನಮ್ಮ?"

"ಇಲ್ಲ. ಯಾರಿಗೋ ಚಳಿ ಆಯ್ತಿತ್ತು. ಕೊಟ್ಬುಟ್ಟೆ."

ಆ ಕಡೆ ಗಾಡಿಗೆ ಹಣ್ಣು ತುಂಬುತ್ತಿದ್ದ ಅಹಮದ್ ಷರೀಫ್ ಕೈ ನಿಲ್ಲಿಸಿದ್ದ. ಬುಟ್ಟಿ ಕೆಳಗಿಟ್ಟು, ಟವಲಿನಿಂದ ಮುಖ ಒರೆಸಿಕೊಂಡು ಚಪ್ಪರದ ಕಂಬದ ಹತ್ತಿರ ಬಂದು ನಿಂತ. ಬೇರೆ ಮನೆಯ ಹೆಂಗಸರ ಮುಂದೆ ಅವನು ಬಾಯಿ ಬಿಟ್ಟದ್ದನ್ನು ಆ ಹೊಳೆಯಲ್ಲಿ ಯಾರೂ ಕಂಡಿರಲಿಲ್ಲ.

"ಅದಕ್ಕೆ ಎಸ್ರೂ ಇತ್ತಮ್ಮಾವ್ರೇ," ಎಂದ. "ಮಣ್ ಮಾಡಾಕೆ ಎತ್ಕೊಂಡ್ ಓದಾಗ ದಾರೀಲಿ ನಾನೇ ಇಟ್ಟಿದ್ದೆ. ಯಾರ್ಗೂ ಯೋಳಿಲ್ಲ. ಫಕ್ರುನ್ನೀಸಾ ಅಂತ."

ಅಮೀರ್ ಬಿ ಆ ಹೆಸರನ್ನು ಆಗಲೇ ಮೊದಲು ಕೇಳಿದ್ದು. ಒಳಗಿನಿಂದ ಖಾಜಾಬಿ, ಇನ್ನೊಂದ್ ಕಿತ ಯೋಳು ಮಗಾ, ಸರ್ಯಾಗಿ ಕೇಳಿಸ್ಲಿಲ್ಲ ಎಂದಳು. ಅವನು ಇನ್ನೊಂದು ಸಲ ಹೇಳಿದ.